ಒಂದು ಟೆಂಟ್, ಎರಡು ಬೆನ್ನುಚೀಲ

ಪೆನ್ಸಿಲ್ವೇನಿಯಾದ ಅರ್ಲ್ ಶಾಫರ್ ಮತ್ತು ಅವರ ಬಾಲ್ಯದ ಗೆಳೆಯ ವಾಲ್ಟರ್ ವೈನ್‌ಮಿಲರ್ ಅಪಲಾಚಿಯನ್ ಜಾಡನ್ನು ತುದಿಯಿಂದ ತುದಿಗೆ ಒಟ್ಟಿಗೆ ನಡೆಯಬೇಕೆಂದು ಮಾತಾಡಿಕೊಂಡಿದ್ದರು. ಎರಡನೇ ಮಹಾಯುದ್ಧ ಅಡ್ಡ ಬಂತು. ವಾಲ್ಟರ್ ಇವೊ ಜಿಮಾ ದ್ವೀಪದ ಕದನದಲ್ಲಿ ಮಡಿದರು. 1948ರ ಏಪ್ರಿಲಿನಲ್ಲಿ ಶಾಫರ್ ಒಬ್ಬರೇ ಜಾರ್ಜಿಯಾದಿಂದ ಹೊರಟು ಆಗಸ್ಟಿನಲ್ಲಿ ಮೇಯ್ನ್ ರಾಜ್ಯದ ಕಟಾಡಿನ್ ಶಿಖರ ತಲುಪಿದರು. ಒಂದೇ ಪಯಣದಲ್ಲಿ ಇಡೀ ಜಾಡನ್ನು ನಡೆದುದಾಗಿ ಮೊದಲು ತಿಳಿಸಿದವರು ಅವರೇ. ಇಬ್ಬರ ಕನಸನ್ನು ಒಬ್ಬರು ನಡೆದು ಮುಗಿಸಿದ್ದರು.

ಅಮೆರಿಕದ ಪೂರ್ವ ಭಾಗದಲ್ಲಿ 14 ರಾಜ್ಯಗಳನ್ನು ದಾಟುವ ಈ ಕಾಲುದಾರಿಯ ಉದ್ದ ಸುಮಾರು 3,500 ಕಿಲೋಮೀಟರ್. 1921ರಲ್ಲಿ ಬೆಂಟನ್ ಮಕೈ ಎಂಬ ಅರಣ್ಯತಜ್ಞರು ಮುಂದಿಟ್ಟ ಯೋಜನೆ 1937ರಲ್ಲಿ ಪೂರ್ಣ ಜಾಡಾಯಿತು. ವರ್ಜೀನಿಯಾ ರಾಜ್ಯವೊಂದರಲ್ಲೇ ಇದರ ಕಾಲು ಭಾಗದಷ್ಟು ಇದೆ. ಜಾಡಿನ ಬಹುಪಾಲು ದಟ್ಟ ಕಾಡಿನೊಳಗೇ ಸಾಗುವುದರಿಂದ ನಡೆಯುವವರು ಇದನ್ನು ‘ಹಸಿರು ಸುರಂಗ’ ಎನ್ನುತ್ತಾರೆ.

ಜೊತೆಗಾರರಿದ್ದರೆ ಇಂಥ ದಾರಿಯಲ್ಲಿ ದಿನ ಶುರುವಾಗುವುದೇ ಹಂಚಿಕೆಯಿಂದ. ಒಬ್ಬರು ಟೆಂಟಿನ ಬಟ್ಟೆ ಮಡಚಿಕೊಂಡರೆ ಇನ್ನೊಬ್ಬರ ಚೀಲಕ್ಕೆ ಅದರ ಕೋಲುಗಳು, ಸ್ಟವ್, ಗ್ಯಾಸ್ ಡಬ್ಬಿ. ನೀರು ಸೋಸುವ ಫಿಲ್ಟರ್ ಒಂದು, ಪಾತ್ರೆ ಒಂದು. ಹೀಗೆ ಹಂಚಿಕೊಂಡಾಗ ತಲಾ ಒಂದೆರಡು ಕಿಲೋ ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಹೊರುವ ಬೆನ್ನಿಗೆ ಅದು ದೊಡ್ಡ ಸಮಾಧಾನ. ಆದರೆ ಎಲ್ಲವನ್ನೂ ಹಂಚುವಂತಿಲ್ಲ. ಊಟ, ನೀರು, ರೈನ್‌ಕೋಟ್, ಟಾರ್ಚು, ನಕ್ಷೆ, ಗಾಯಕ್ಕೆ ಕಟ್ಟುವ ಪಟ್ಟಿ ಇವು ಪ್ರತಿಯೊಬ್ಬರ ಬಳಿಯೂ ಇರಲೇಬೇಕು. ಕಾಡಿನಲ್ಲಿ ಇಬ್ಬರೂ ಯಾವ ಹೊತ್ತಿನಲ್ಲಿ ಬೇರೆಯಾಗುತ್ತಾರೋ ಹೇಳಲಾಗದು.

ನಿಜಕ್ಕೂ ಹಳಬರು ದಿನವಿಡೀ ಅಕ್ಕಪಕ್ಕ ನಡೆಯುವುದಿಲ್ಲ. ಇಬ್ಬರ ಹೆಜ್ಜೆಯ ವೇಗ ಒಂದೇ ಆಗಿರುವುದು ಅಪರೂಪ. ನಿಧಾನದವರು ಓಡಿ ಓಡಿ ಮಂಡಿ ಕೆಡಿಸಿಕೊಳ್ಳುವುದು, ವೇಗದವರು ನಿಂತು ನಿಂತು ಬೇಸರಪಡುವುದು ಎರಡೂ ಸ್ನೇಹಕ್ಕೆ ಕುತ್ತು. ಅದಕ್ಕೇ ಬೆಳಿಗ್ಗೆಯೇ ಮಾತಾಗುತ್ತದೆ: ಮುಂದಿನ ಒರತೆಯಲ್ಲಿ ಸೇರೋಣ, ದಾರಿ ಕವಲೊಡೆದಲ್ಲಿ ಮೊದಲು ಬಂದವರು ಕಾಯಬೇಕು. ಮರದ ಕಾಂಡಗಳ ಮೇಲೆ ಎರಡಿಂಚು ಅಗಲ, ಆರಿಂಚು ಉದ್ದದ ಬಿಳಿ ಪಟ್ಟೆ ಬಳಿದಿರುತ್ತಾರೆ. ಪಟ್ಟೆ ಒಂದರ ಮೇಲೊಂದು ಎರಡಿದ್ದರೆ ಮುಂದೆ ತಿರುವಿದೆ, ಎಚ್ಚರ ಎಂದರ್ಥ. ನೀಲಿ ಪಟ್ಟೆ ಕಂಡರೆ ಅದು ನೀರಿಗೋ ತಂಗುಮನೆಗೋ ಹೋಗುವ ಪಕ್ಕದ ದಾರಿ.

ಒರತೆಯ ನೀರು ಕನ್ನಡಿಯಂತಿದ್ದರೂ ಹಾಗೇ ಕುಡಿಯುವುದಿಲ್ಲ. ಜಿಯಾರ್ಡಿಯಾ ಎಂಬ ಪರೋಪಜೀವಿ ಹೊಟ್ಟೆ ಸೇರಿದರೆ ವಾರಗಟ್ಟಲೆ ಭೇದಿ. ಒಬ್ಬರು ನೀರು ಸೋಸುವಷ್ಟರಲ್ಲಿ ಇನ್ನೊಬ್ಬರು ಟಾರ್ಟಿಯಾ ರೊಟ್ಟಿಗೆ ಪೀನಟ್ ಬಟರ್ ಸವರಿ ಮಧ್ಯಾಹ್ನದ ಊಟ ಮುಗಿಸುವ ಏರ್ಪಾಡು ಮಾಡುತ್ತಾರೆ.

ಮಧ್ಯಾಹ್ನದ ನಂತರ ಓಕ್, ಮೇಪಲ್ ಮರಗಳ ನಡುವೆ ಏರಿಳಿತ ಮುಂದುವರಿಯುತ್ತದೆ. ನೂರಿಪ್ಪತ್ತು ವರ್ಷಗಳ ಹಿಂದೆ ಈ ಬೆಟ್ಟಗಳಲ್ಲಿ ಅಮೆರಿಕನ್ ಚೆಸ್ಟ್‌ನಟ್ ಮರಗಳೂ ಹೇರಳವಾಗಿದ್ದವು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿದ ಶಿಲೀಂಧ್ರ ರೋಗ ಕೆಲವೇ ದಶಕಗಳಲ್ಲಿ ಸುಮಾರು 400 ಕೋಟಿ ಮರಗಳನ್ನು ಕೊಂದಿತು. ಈಗಲೂ ಹಳೆಯ ಬೇರುಗಳಿಂದ ಚಿಗುರು ಏಳುತ್ತದೆ, ತುಸು ಬೆಳೆದೊಡನೆ ಮತ್ತೆ ರೋಗಕ್ಕೆ ಬಲಿಯಾಗುತ್ತದೆ. ಇಂಥ ಚಿಗುರನ್ನು ಗುರುತಿಸಿ ತೋರಿಸಬಲ್ಲವರು ಜೊತೆಗಿದ್ದರೆ ಆ ಕಾಡು ಬೇರೆಯೇ ಆಗಿ ಕಾಣುತ್ತದೆ.

ಸಂಜೆ ತಲುಪುವುದು ಮೂರು ಕಡೆ ಗೋಡೆ, ಒಂದು ಕಡೆ ಬಯಲು ಇರುವ ಮರದ ತಂಗುಮನೆಯನ್ನು. ಇಂಥವು ಜಾಡಿನುದ್ದಕ್ಕೂ 250ಕ್ಕೂ ಹೆಚ್ಚಿವೆ. ಅಲ್ಲಿ ಜೊತೆಗಾರರು ಮಾಡುವ ಮುಖ್ಯ ಕೆಲಸವೊಂದಿದೆ: ಒಬ್ಬರ ಕತ್ತಿನ ಹಿಂಭಾಗ, ಬೆನ್ನು, ಮಂಡಿಯ ಹಿಂದಿನ ಮಡಿಕೆಗಳನ್ನು ಇನ್ನೊಬ್ಬರು ನೋಡಿ ಉಣ್ಣೆ ಕಚ್ಚಿಕೊಂಡಿದೆಯೇ ಎಂದು ಹುಡುಕುವುದು. ಗಸಗಸೆ ಕಾಳಿನಷ್ಟಿರುವ ಮರಿ ಉಣ್ಣೆಯೂ ಲೈಮ್ ರೋಗ ಹರಡಬಲ್ಲದು. ತನ್ನ ಬೆನ್ನು ತನಗೆ ಕಾಣದು. ಉಳಿದ ತಿಂಡಿಯನ್ನು ಕರಡಿಗೆ ಎಟುಕದಂತೆ ಎತ್ತರಕ್ಕೆ ಕಟ್ಟುತ್ತಾರೆ, ಇಲ್ಲವೇ ಗಟ್ಟಿ ಡಬ್ಬಿಯಲ್ಲಿಟ್ಟು ಟೆಂಟಿನಿಂದ ದೂರ ಇಡುತ್ತಾರೆ. ಒಂಬತ್ತು ಗಂಟೆಗೆಲ್ಲ ನಿದ್ದೆ.

ಜೊತೆಗಾರ ಮನುಷ್ಯನೇ ಆಗಬೇಕೆಂದಿಲ್ಲ. ದೃಷ್ಟಿ ಕಳೆದುಕೊಂಡಿದ್ದ ಬಿಲ್ ಅರ್ವಿನ್ 1990ರ ಮಾರ್ಚಿನಲ್ಲಿ ಓರಿಯಂಟ್ ಎಂಬ ಜರ್ಮನ್ ಶೆಫರ್ಡ್ ನಾಯಿಯೊಡನೆ ಹೊರಟರು. ಸಾವಿರಾರು ಬಾರಿ ಎಡವಿ ಬಿದ್ದರು, ಎದ್ದರು. ನವೆಂಬರಿನಲ್ಲಿ ಇಬ್ಬರೂ ಜಾಡು ಮುಗಿಸಿದರು. ಓರಿಯಂಟ್ ತನ್ನ ಸಾಮಾನನ್ನು ತಾನೇ ಬೆನ್ನ ಮೇಲೆ ಹೊತ್ತಿತ್ತು.

ನಡೆಯುವವರು ನೋಡದ ಜೊತೆಗಾರರೂ ಇದ್ದಾರೆ. ಹತ್ತಾರು ಸ್ಥಳೀಯ ಸಂಘಗಳ ಸಾವಿರಾರು ಸ್ವಯಂಸೇವಕರು ಸಂಬಳವಿಲ್ಲದೆ ಪಟ್ಟೆ ಬಳಿಯುತ್ತಾರೆ, ಮೆಟ್ಟಿಲು ಕಟ್ಟುತ್ತಾರೆ, ದಾರಿಗಡ್ಡ ಬಿದ್ದ ಮರ ತೆಗೆಯುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಜಾಡಿನ ದಕ್ಷಿಣ ಭಾಗದಲ್ಲಿ ಲೆಕ್ಕವಿಲ್ಲದಷ್ಟು ಮರ ಉರುಳಿಸಿದಾಗ ಅವರ ಕೆಲಸ ಹಲವು ಪಟ್ಟು ಹೆಚ್ಚಿತು. ವನ್ಯಪ್ರದೇಶ ರಕ್ಷಣೆಯ 1964ರ ಕಾಯ್ದೆಯಂತೆ ಕಾಪಾಡಿದ ಕಾಡುಗಳಲ್ಲಿ ಸಾಮಾನ್ಯವಾಗಿ ಯಂತ್ರದ ಗರಗಸ ಬಳಸುವಂತಿಲ್ಲ. ಎರಡೂ ತುದಿಗೆ ಹಿಡಿ ಇರುವ ಉದ್ದ ಗರಗಸವೇ ಗತಿ. ಅದರಲ್ಲಿ ಇಬ್ಬರೂ ಸರದಿಯಂತೆ ಎಳೆಯಬೇಕೇ ಹೊರತು ಯಾರೂ ತಳ್ಳಬಾರದು. ತಳ್ಳಿದರೆ ಅಲಗು ಬಾಗಿ ಮರದೊಳಗೇ ಸಿಕ್ಕಿಕೊಳ್ಳುತ್ತದೆ. ಸರ್ಕಾರಿ ಅರಣ್ಯದಲ್ಲಿ ಈ ಕೆಲಸಕ್ಕಿಳಿಯುವ ಸ್ವಯಂಸೇವಕರು ಮೊದಲು ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಬೇಕು.