ಮೂಲೆಯ ಬಂದೂಕಿಗೆ ಬಿಸಿನೀರು

ಬೆಳಗಾವಿಯಿಂದ ಖಾನಾಪುರದತ್ತ ಹೋದಂತೆ ಮಳೆ ಜೋರಾಗುತ್ತದೆ. ಅಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಅಜ್ಜನ ಬಂದೂಕು ಹಲವು ಮಳೆಗಾಲ ಮೂಲೆಯಲ್ಲೇ ಇತ್ತೆನ್ನಿ. ನಳಿಗೆಯೊಳಗೆ ಏನಾಗಿರುತ್ತದೆ? ಕಬ್ಬಿಣಕ್ಕೆ ನೀರು, ಆಮ್ಲಜನಕ ಸೇರಿ ತುಕ್ಕು ಹಿಡಿದಿರುತ್ತದೆ. ಹಳೆಯ ಹಲವು ತೋಟಾಗಳ ಕಿಡಿಮದ್ದು ಉರಿದು ಉಳಿಸಿದ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣ ತೇವ ಹೀರಿ ತುಕ್ಕನ್ನು ಚುರುಕುಗೊಳಿಸುತ್ತದೆ.

ಈ ಲವಣ ಎಣ್ಣೆಯಲ್ಲಿ ಕರಗದು. ಆದ್ದರಿಂದಲೇ ಬಲ್ಲವರು ನಳಿಗೆಯನ್ನು ಮೊದಲು ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಬಳಿಕ ತೆಳುವಾಗಿ ಎಣ್ಣೆ ಸವರುತ್ತಾರೆ. ಆದರೆ ತುಕ್ಕು ಕೊರೆದ ಗುಳಿ ತುಂಬದು. ಅಲ್ಲಿ ತೆಳುವಾದ ನಳಿಗೆ ಹಾರಿಸಿದಾಗ ಸಿಡಿಯಬಹುದು. ಒಳಗೆ ತೋಟಾ ಉಳಿದಿರಲೂಬಹುದು.

ನೀವು ಮುಟ್ಟಬೇಡಿ. 1959ರ ಆಯುಧ ಕಾಯ್ದೆಯಂತೆ ದುರಸ್ತಿಗೂ ಪರವಾನಗಿ ಬೇಕು. ಅಂಥವರಿಗೇ ಹಿರಿಯರು ಒಪ್ಪಿಸಲಿ. ನಿಮ್ಮ ಪ್ರಯೋಗಕ್ಕೆ ಎರಡು ಮೊಳೆ ಸಾಕು: ಒಂದಕ್ಕೆ ನೀರು, ಇನ್ನೊಂದಕ್ಕೆ ಉಪ್ಪುನೀರು ಸವರಿಡಿ. ನಾಲ್ಕು ದಿನದಲ್ಲಿ ಉತ್ತರ ಕಾಣುತ್ತದೆ.