ನಿಮಗಿದು ಗೊತ್ತೆ? ಟ್ಯಾಂಕ್ ಗೇಮ್ ಮತ್ತು ನಿಜಾಮನ ಸೇತುವೆ

ಸೇಡಂ, ವಾಡಿ ಕಡೆಯ ಹುಡುಗರು ಆಡುವ ಟ್ಯಾಂಕ್ ಗೇಮ್‌ನ ತಂತ್ರಗಳು ಬರೀ ಕಟ್ಟುಕಥೆಯಲ್ಲ. ಬೆಲಾರೂಸ್‌ನ ಮಿನ್ಸ್ಕ್‌ನಲ್ಲಿ ಹುಟ್ಟಿದ 'ವರ್ಲ್ಡ್ ಆಫ್ ಟ್ಯಾಂಕ್ಸ್'ನಲ್ಲಿ ಎರಡೂ ಕಡೆ ತಲಾ 15 ಟ್ಯಾಂಕ್. ಒಮ್ಮೆ ಸುಟ್ಟುಹೋದರೆ ಆ ಪಂದ್ಯದಲ್ಲಿ ಮತ್ತೆ ಜೀವವಿಲ್ಲ. ಅದಕ್ಕೇ ಜಾಣರು ಶತ್ರುವಿಗೆ ನೇರವಾಗಿ ಎದೆ ಕೊಡುವುದಿಲ್ಲ, ಟ್ಯಾಂಕನ್ನು ಓರೆಯಾಗಿ ನಿಲ್ಲಿಸುತ್ತಾರೆ. ಶಹಾಬಾದ್ ಕಲ್ಲಿಗೆ ಡ್ರಿಲ್ ಓರೆಯಾಗಿ ಹಿಡಿದರೆ ಕೊರೆಯುವ ದೂರ ಹೆಚ್ಚುವ ಹಾಗೆ, 50 ಮಿಲಿಮೀಟರ್ ಉಕ್ಕಿಗೆ ಗುಂಡು 60 ಡಿಗ್ರಿ ಓರೆಯಲ್ಲಿ ಬಡಿದರೆ ಅದು 100 ಮಿಲಿಮೀಟರ್ ದಾಟಬೇಕು. ದಿಬ್ಬದ ಹಿಂದೆ ಒಡಲು ಮರೆಸಿ ತೋಪಿನ ಗೋಪುರವನ್ನಷ್ಟೇ ತೋರಿಸುವುದು ಇನ್ನೊಂದು ಉಪಾಯ.

ಆದರೆ ಗೇಮ್‌ಗೆ ಹೊಸಬರು ಮರೆಯುವುದು ಸೇತುವೆಯನ್ನು! ನಿಜವಾದ ಯುದ್ಧದಲ್ಲಿ ಅದರ ಬೆಲೆ ಏನೆಂದು ನೋಡಿ. 1948ರ ಸೆಪ್ಟೆಂಬರ್ 13ರಂದು, ನಿಜಾಮನ ಹೈದರಾಬಾದ್ ಸಂಸ್ಥಾನದ ವಿರುದ್ಧ ಭಾರತ ನಡೆಸಿದ ಸೇನಾ ಕಾರ್ಯಾಚರಣೆ 'ಆಪರೇಷನ್ ಪೋಲೊ'ದ ಮೊದಲ ದಿನ, ಸೊಲ್ಲಾಪುರದಿಂದ ಹೊರಟ ಭಾರತೀಯ ಸೇನೆ ನಳದುರ್ಗದ ಬಳಿ ಬೋರಿ ನದಿಯ ಸೇತುವೆಯನ್ನು, ಎದುರಾಳಿ ಕೆಡವುವ ಮುನ್ನವೇ, ಇಡಿಯಾಗಿ ವಶಪಡಿಸಿಕೊಂಡಿತು. ಹಿಂದೆಯೇ ಬಂದ ಟ್ಯಾಂಕ್ ಪಡೆ ಅಂದೇ ಮಧ್ಯಾಹ್ನ ಉಮರ್ಗಾ ತಲುಪಿತು. ಮುಂದೆ ಜಹೀರಾಬಾದ್ ಬಳಿ ನೆಲಬಾಂಬ್‌ಗಳು ಅದರ ವೇಗ ತಗ್ಗಿಸಿದವು. ಈ ಪಡೆಯ ಮುಂದಾಳು ಮೇಜರ್ ಜನರಲ್ ಜೆ.ಎನ್. ಚೌಧರಿ.

ಚಿತ್ತಾಪುರ, ಚಿಂಚೋಳಿ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಸೆಪ್ಟೆಂಬರ್ 17ರಂದು ನಿಜಾಮ ಕದನವಿರಾಮ ಸಾರಿದ. ಈಗ ಆ ದಿನವೇ ಕಲ್ಯಾಣ ಕರ್ನಾಟಕ ಉತ್ಸವ.