ಸುಳ್ಳಾಡಲಾಗದವರ ಆಸ್ಥಾನದಲ್ಲಿ

ಸುಳ್ಳು ಹೇಳಲು ನಾಲಿಗೆಯೇ ಹೊರಳದವರ ಅರಮನೆಯಲ್ಲಿ ಒಳಸಂಚು ನಡೆಯುವುದಾದರೂ ಹೇಗೆ? ಅಮೆರಿಕದ ಲೇಖಕಿ ಹಾಲಿ ಬ್ಲ್ಯಾಕ್ ಅವರ ‘ದಿ ವಿಕೆಡ್ ಕಿಂಗ್’ ಓದುತ್ತಿದ್ದಂತೆ ಈ ಪ್ರಶ್ನೆಗೆ ಉತ್ತರ ಪುಟಪುಟಕ್ಕೂ ಬಿಚ್ಚಿಕೊಳ್ಳುತ್ತ ಹೋಯಿತು, ನನಗೆ ಮೈ ಜುಮ್ಮೆನ್ನುತ್ತಲೇ ಇತ್ತು. ಎಲ್ಫ್‌ಹೇಮ್ ಎಂಬ ದ್ವೀಪರಾಜ್ಯದಲ್ಲಿರುವ ಮಾಯಾಜೀವಿಗಳಾದ ಫೇರಿಗಳಿಗೆ ಅಸತ್ಯ ನುಡಿಯುವ ಶಕ್ತಿಯೇ ಇಲ್ಲ. ಅದಕ್ಕೇ ಅವರು ಸತ್ಯವನ್ನು ಅರ್ಧ ಹೇಳಿ ಅರ್ಧ ನುಂಗುತ್ತಾರೆ. ಕೇಳಿದವನು ತಾನಾಗಿಯೇ ಹಳ್ಳಕ್ಕೆ ಬೀಳುವಂತೆ ಮಾತು ಜೋಡಿಸುತ್ತಾರೆ. ಅಂಥವರ ನಡುವೆ ಒಬ್ಬಳು ಮನುಷ್ಯರ ಹುಡುಗಿ, ಜೂಡ್. ಅವಳಿಗೆ ಮಾಯಾವಿದ್ಯೆ ಬಾರದು, ದೀರ್ಘಾಯುಷ್ಯವಿಲ್ಲ. ಆದರೆ ಸುಳ್ಳು ಹೇಳಲು ಬರುತ್ತದೆ! ಇಡೀ ರಾಜ್ಯವನ್ನು ಅಲುಗಾಡಿಸಲು ಅಷ್ಟು ಸಾಕು.

2018ರಲ್ಲಿ ಬಂದ, ಇದೇ ಸರಣಿಯ ಮೊದಲ ಭಾಗ ‘ದಿ ಕ್ರೂಯಲ್ ಪ್ರಿನ್ಸ್’ನಲ್ಲಿ ಜೂಡ್‌ಗೆ ಏಳು ವರ್ಷವಾಗಿದ್ದಾಗ ಮ್ಯಾಡಕ್ ಎಂಬ ಫೇರಿ ಸೇನಾಪತಿ ಅವಳ ತಂದೆ ತಾಯಿಯನ್ನು ಕಣ್ಣೆದುರೇ ಕೊಲ್ಲುತ್ತಾನೆ. ಆಮೇಲೆ ಅವಳನ್ನೂ ಅವಳಿ ಸೋದರಿ ಟ್ಯಾರಿನ್‌ಳನ್ನೂ ಅಕ್ಕ ವಿವಿಯನ್ನೂ ಎಲ್ಫ್‌ಹೇಮ್‌ಗೆ ಒಯ್ದು ಸಾಕುತ್ತಾನೆ. ಕತ್ತಿವರಸೆ ಕಲಿಸಿದವನು ಅವನೇ, ಯುದ್ಧತಂತ್ರ ಹೇಳಿಕೊಟ್ಟವನೂ ಅವನೇ. ಈಗ ಹೇಳಿ, ಅವನು ತಂದೆಯೋ ಶತ್ರುವೋ? ಜೂಡ್‌ಗೂ ಗೊತ್ತಿಲ್ಲ. ಅವನ ವಿರುದ್ಧ ಹೂಡುವ ಪ್ರತಿಯೊಂದು ಉಪಾಯವನ್ನೂ ಅವಳು ಅವನಿಂದಲೇ ಕಲಿತಿದ್ದಾಳೆ. ಎರಡೆರಡು ಕಡೆಗೆ ಎಳೆಯುವ ನಿಷ್ಠೆಯನ್ನು ಇಷ್ಟು ನೋವಾಗುವಂತೆ ಕಟ್ಟಿದ ಹದಿಹರೆಯದ ಕಾದಂಬರಿಯನ್ನು ನಾನಂತೂ ಬೇರೆ ಓದಿಲ್ಲ.

ಗದ್ದುಗೆ ಏರುವ ಕಥೆಗಳು ಬೇಕಾದಷ್ಟಿವೆ. 2019ರ ಜನವರಿಯಲ್ಲಿ ಬಂದ ಈ ಎರಡನೆಯ ಭಾಗ ಏರಿದ ಮರುದಿನದ ಕಥೆ. ಒಂದು ಕಾಲಕ್ಕೆ ತನ್ನನ್ನು ಹೀನಾಯವಾಗಿ ಕಾಡಿದ ರಾಜಕುಮಾರ ಕಾರ್ಡನ್‌ನನ್ನೇ ಜೂಡ್ ಉಪಾಯದಿಂದ ಸಿಂಹಾಸನಕ್ಕೆ ಏರಿಸಿದ್ದಾಳೆ. ಒಂದು ವರ್ಷ ಮತ್ತು ಒಂದು ದಿನ ಅವಳು ಹೇಳಿದಂತೆ ಕೇಳುತ್ತೇನೆಂದು ಅವನಿಂದ ಮಾತು ಪಡೆದಿದ್ದಾಳೆ. ಆಸ್ಥಾನದ ಕಣ್ಣಿಗೆ ಅವಳು ಬರೀ ಅರಮನೆಯ ಮೇಲಾಡಳಿತಗಾರ್ತಿ. ಪುಸ್ತಕ ತೆರೆಯುವ ಹೊತ್ತಿಗೆ ಐದು ತಿಂಗಳು ಆಗಲೇ ಕಳೆದಿವೆ! ಸಮುದ್ರದಡಿಯ ರಾಣಿ ಒರ್ಲಾ ರಾಜ ತನ್ನ ಮಗಳನ್ನು ಮದುವೆಯಾಗಬೇಕೆಂದು ಬೆದರಿಸುತ್ತಿದ್ದಾಳೆ. ಸೆರೆಯಲ್ಲಿದ್ದರೂ ರಾಜನ ಅಣ್ಣ ಸುಮ್ಮನೆ ಕೂತಿಲ್ಲ. ಅದರ ಮೇಲೆ ಜೂಡ್‌ಗೆ, ನೀನು ನಂಬಿದವರಲ್ಲೇ ಒಬ್ಬರು ನಿನಗೆ ದ್ರೋಹ ಬಗೆದಿದ್ದಾರೆ ಎಂಬ ಎಚ್ಚರಿಕೆ ಬೇರೆ. ಯಾರದು? ಬೇಹುಗಾರರೇ? ಸಾಕುತಂದೆಯೇ? ಒಡಹುಟ್ಟಿದವಳೇ? ಹೆಸರು ನಾನು ಹೇಳಲಾರೆ.

ಜೂಡ್ ಸಮುದ್ರದಡಿ ಸೆರೆಯಾಗುವ ಭಾಗವಂತೂ ಉಸಿರು ಕಟ್ಟಿಸುತ್ತದೆ. ಅವಳ ಮೇಲೆ ಫೇರಿಗಳ ಮೋಡಿ ನಡೆಯುವುದಿಲ್ಲ, ಆ ಗುಟ್ಟು ಸೆರೆಹಿಡಿದವರಿಗೆ ಗೊತ್ತಿಲ್ಲ. ಹಾಗಾಗಿ ಮೋಡಿಗೆ ಸಿಕ್ಕವಳಂತೆ ಅವಳು ನಟಿಸುತ್ತಲೇ ಇರಬೇಕು. ಚಳಿಗೆ ನಡುಗುವಂತಿಲ್ಲ, ಅವಮಾನಕ್ಕೆ ಹುಬ್ಬು ಗಂಟಿಕ್ಕುವಂತಿಲ್ಲ. ದಿನವೂ ಚೂರುಚೂರು ವಿಷ ನುಂಗಿ ದೇಹವನ್ನು ವಿಷಕ್ಕೆ ಒಗ್ಗಿಸಿಕೊಂಡ ಹುಡುಗಿ ಈಗ ಮುಖದ ಒಂದೊಂದು ನರವನ್ನೂ ಹದ್ದಿನಲ್ಲಿಟ್ಟುಕೊಳ್ಳಬೇಕು!

ಇನ್ನೂ ಬೆರಗಿನ ಸಂಗತಿ, ಈ ಕಥೆಯ ಬೇರುಗಳು ಹೋಗಿ ತಲುಪುವ ಆಳ. ಮ್ಯಾಡಕ್ ‘ರೆಡ್‌ಕ್ಯಾಪ್’ ಕುಲದವನು, ಕೊಂದವರ ರಕ್ತದಲ್ಲಿ ಟೋಪಿ ಅದ್ದುವವನು. ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಪಾಳು ಕೋಟೆಗಳ ಸುತ್ತಲಿನ ಜನ ಹೇಳುತ್ತಿದ್ದ ಪಿಶಾಚಿಯೇ ಅದು. ಅದೇ ಗಡಿನಾಡಿನ ಲಾವಣಿಯಲ್ಲಿ ಫೇರಿ ರಾಣಿಯ ಜೊತೆ ಏಳು ವರ್ಷ ಇದ್ದು ಬಂದ ಥಾಮಸ್‌ಗೆ ಸಿಕ್ಕ ಉಡುಗೊರೆ ಏನು ಗೊತ್ತೇ? ಸುಳ್ಳಾಡಲಾಗದ ನಾಲಿಗೆ! ಸ್ಕಾಟ್ಲೆಂಡಿನ ಏಬರ್‌ಫಾಯ್ಲ್‌ನ ಪಾದ್ರಿ ರಾಬರ್ಟ್ ಕರ್ಕ್ ಈ ಫೇರಿ ಜನರ ಬದುಕಿನ ಬಗ್ಗೆ 1691ರ ಸುಮಾರಿಗೆ ಒಂದು ಗ್ರಂಥವನ್ನೇ ಬರೆದ. ಅದು ಅಚ್ಚಾದದ್ದು 1815ರಲ್ಲಿ. ಅವನು 1692ರಲ್ಲಿ ತೀರಿಕೊಂಡಾಗ, ಸತ್ತಿಲ್ಲ, ಫೇರಿಗಳೇ ಒಯ್ದರು ಎಂದು ಊರವರು ಮಾತಾಡಿಕೊಂಡರಂತೆ. ಹಾಲಿ ಬ್ಲ್ಯಾಕ್ ಈ ಹಳೆಯ ನಂಬಿಕೆಗಳನ್ನು ಬರೀ ಅಲಂಕಾರಕ್ಕೆ ತಂದಿಲ್ಲ. ಫೇರಿಗಳಿಂದ ಕಾಪಾಡುತ್ತವೆಂದು ಜನ ನಂಬಿದ ಕಬ್ಬಿಣ, ಉಪ್ಪು, ರೋವನ್ ಹಣ್ಣು, ಜೊತೆಗೆ ಕೊಟ್ಟ ಮಾತು, ಎಲ್ಲವೂ ಇಲ್ಲಿ ರಾಜಕೀಯದ ದಾಳಗಳು. ನನ್ನ ಮಟ್ಟಿಗೆ ಕಾದಂಬರಿಯ ದೊಡ್ಡ ಗೆಲುವು ಇದೇ.

ಓದುವವರಿಗೆ ಒಂದು ಮಾತು: ಮೊದಲ ಭಾಗ ಬಿಟ್ಟು ನೇರ ಇದಕ್ಕೆ ಕೈ ಹಾಕಬೇಡಿ. ಇದರ ಕೊನೆಯ ಕೆಲವು ಪುಟಗಳು ನಿಮ್ಮನ್ನು ಎಲ್ಲಿಗೆ ತಂದು ಬಿಡುತ್ತವೆಂದರೆ, ಅಲ್ಲಿ ಒಂದು ರಾತ್ರಿಯೂ ನಿಲ್ಲಲಾಗದು. ಮೂರನೆಯ ಭಾಗ ‘ದಿ ಕ್ವೀನ್ ಆಫ್ ನಥಿಂಗ್’ 2019ರ ನವೆಂಬರ್‌ನಲ್ಲೇ ಬಂದಿದೆ. ಅದನ್ನು ತಂದು ಪಕ್ಕದಲ್ಲಿಟ್ಟುಕೊಂಡೇ ಇದನ್ನು ತೆರೆಯಿರಿ.